ಧನ್ಯವಾದ ಹೇಳುವ ನೀರಿನ ಮಷಿನ್

ನನ್ನ ದುಡ್ಡನ್ನು ನನ್ನ ಕಣ್ಣೆದುರೇ ನುಂಗಿ, ನನ್ನದೇ ಗಂಟಲಿನಿಂದ ನನಗೇ ಧನ್ಯವಾದ ಹೇಳಿದ ಯಂತ್ರ ಈ ಭೂಮಿಯ ಮೇಲೆ ಇನ್ನೊಂದು ಇರಲಿಕ್ಕಿಲ್ಲ. ನಿಮ್ಮೂರಿನಲ್ಲಿ ಇದ್ದರೆ ತಿಳಿಸಿ. ಒಂದು ದಿನ ಬಂದು ನಿಮ್ಮ ಜೊತೆ ಕೂತು ಅದನ್ನು ಬೈಯುತ್ತೇನೆ. ಬೈಗುಳ ನನ್ನವು, ಚಹಾ ನಿಮ್ಮದು.

ದಾಂಡೇಲಿ ಬಸ್‌ಸ್ಟ್ಯಾಂಡಿನ ಎದುರು, ಪುಂಡಲೀಕಣ್ಣನ ಹಾರ್ಡ್‌ವೇರ್ ಅಂಗಡಿಯ ಕಟ್ಟೆಯ ಮೇಲೆ ಒಂದು ನೀರಿನ ಮಷಿನ್ ಇದೆ. ಕಪಾಟಿನಷ್ಟು ಎತ್ತರ, ನೀಲಿ ಬಣ್ಣ, ಹೊಟ್ಟೆಯ ಮೇಲೆ ಹಿಮಾಲಯದ ಚಿತ್ರ. ಕಾಳಿ ನದಿ ಕೂಗಳತೆಯಲ್ಲಿ ಹರಿಯುವ ಊರಿನಲ್ಲಿ ಹಿಮಾಲಯ ಯಾಕೆ ಬೇಕಾಯಿತು ಎಂದು ಯಾರೂ ಕೇಳಿಲ್ಲ. ನದಿ ಇರುವ ಊರಿನಲ್ಲಿ ನೀರನ್ನು ಕೊಂಡು ಯಾಕೆ ಕುಡಿಯಬೇಕು ಎಂದೂ ಕೇಳಿಲ್ಲ. ಕೇಳದಿರುವುದು ನಮ್ಮ ಕಡೆಯವರ ದೊಡ್ಡ ಗುಣ. ಈ ಪ್ರಬಂಧದ ಉದ್ದಕ್ಕೂ ಅದು ನಿಮಗೆ ಸಿಗುತ್ತಲೇ ಇರುತ್ತದೆ. ಐದರ ನಾಣ್ಯ ಹಾಕಿದರೆ ಒಂದು ಕ್ಯಾನು, ಒಂದರ ನಾಣ್ಯಕ್ಕೆ ಒಂದು ಬಾಟಲಿ. ನಾಣ್ಯ ಒಳಗೆ ಬಿದ್ದ ಕೂಡಲೇ ಒಬ್ಬ ಹೆಣ್ಣುಮಗಳು ಮಾತಾಡುತ್ತಾಳೆ: “ಹಣ ಬಂದಿದೆ. ಧನ್ಯವಾದಗಳು. ಸಾಲಾಗಿ ನಿಲ್ಲಿ. ನೂಕಬೇಡಿ.”

ಆ ಹೆಣ್ಣುಮಗಳು ನಾನು.

ಗಾಬರಿಯಾಗಬೇಡಿ. ನನಗೆ ಮೀಸೆ ಇದೆ, ಇದ್ದೂ ಇಲ್ಲದಂತೆ. ಹೊಟ್ಟೆಪಾಡಿಗೆ ಊರ ಹೊರಗಿನ ಒಂದು ರೆಸಾರ್ಟಿನಲ್ಲಿ ಪ್ರವಾಸಿಗರನ್ನು ಕಾಡು ಸುತ್ತಿಸುವ ಗೈಡು ನಾನು. ಚಟಕ್ಕೆ ಬೇರೆಯವರ ದನಿ ಮಾಡುವವನು. ಪಾಳಿ ಬದಲಾಗುವಾಗ ಕೂಗುವ ಕಾಗದದ ಕಾರ್ಖಾನೆಯ ಭೋಂಗಾ ನನ್ನ ಮೊದಲ ಗುರು. ಆಮೇಲೆ ಮುಂಡಗೋಡ ಬಸ್ಸಿನ ಕಂಡಕ್ಟರ್ “ಮುಂದ ಸರೀರಿ, ಮುಂದೆಲ್ಲಾ ಖಾಲಿ ಐತಿ” ಎಂದು ಹೇಳುವ ಸುಳ್ಳು, ಹಳಿಯಾಳ ಸಂತೆಯ ಮೆಣಸಿನಕಾಯಿ ವ್ಯಾಪಾರಿಯ ಸೀನು, ಮದುವೆ ಮನೆಯಲ್ಲಿ ಎರಡನೇ ಪಂಕ್ತಿಗೆ ಕಾಯುವ ಬೀಗರ ಕೆಮ್ಮು, ಎಲ್ಲವನ್ನೂ ಕಲಿತೆ. ಪ್ರವಾಸಿಗರಿಗೆ ಮಂಗಟ್ಟೆ ಹಕ್ಕಿ ಕಾಣದ ದಿನ ಪೊದೆಯ ಹಿಂದೆ ಹೋಗಿ ಅದರ ಕೂಗನ್ನೂ ನಾನೇ ಕೂಗುವುದುಂಟು. ಅವರು ಕಿವಿಗೆ ಕೈ ಹಚ್ಚಿ “ಆಹಾ” ಅನ್ನುತ್ತಾರೆ. ಬರುವುದಿಲ್ಲವೆಂದರೆ ನನ್ನ ಸ್ವಂತ ದನಿಯೊಂದೇ. ಮನೆಗೆ ಫೋನು ಮಾಡಿ “ನಾನು” ಅಂದರೆ ಅವ್ವ, “ನನ್ನ ಮಗನ ದನಿ ಮಾಡಾಕ ಹತ್ತೀಯೇನೋ? ಅಂವಾ ಮೂಗಿನಾಗ ಮಾತಾಡ್ತಾನ, ನೀ ಮಾಡಿದ್ದು ಬರೋಬರಿ ಆಗಿಲ್ಲ” ಎಂದು ಇಟ್ಟುಬಿಡುತ್ತಾಳೆ.

ಮಷಿನ್ ಬಂದ ಹೊಸದರಲ್ಲಿ ಅದರೊಳಗೆ ಬೇರೆ ಯಾರದೋ ದನಿಯಿತ್ತು. “ಕೃಪಯಾ ನಾಣ್ಯವನ್ನು ಸೇರಿಸಿರಿ” ಎಂದು ಯಾವುದೋ ದೂರದ ಊರಿನ ಕನ್ನಡ. ಜನ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಉಳವಿ ಬಸ್ಸು ಬರುವ ಹೊತ್ತಿಗೆ ಕೊಡ, ಕ್ಯಾನು, ಬಾಟಲಿ ಎಲ್ಲ ಒಮ್ಮೆಗೇ ನಳದ ಕೆಳಗೆ ತೂರಿ ಕುಸ್ತಿ ನಡೆಯುತ್ತಿತ್ತು. ಪುಂಡಲೀಕಣ್ಣ ಒಂದು ದಿನ ನನ್ನನ್ನು ಕರೆದ. “ಲೇ ವಿಠ್ಯಾ, ಮಂದಿ ಕೇಳೂವಂಥಾ ದನಿ ಒಂದು ಮಾಡಿ ಕೊಡಪಾ ಇದಕ್ಕ. ಕೇಳಿದ ಕೂಡ್ಲೆ ಕೈ ಕಟ್ಟಿ ನಿಂದರಬೇಕು, ಅಂಥಾದ್ದು.”

ಕೇಳಿದ ಕೂಡಲೇ ದಾಂಡೇಲಿಯ ಮಂದಿ ಕೈ ಕಟ್ಟಿ ನಿಲ್ಲುವ ದನಿ ಒಂದೇ ಒಂದು. ಸುಮಿತ್ರಾ ಅಕ್ಕೋರದು.

ನಮ್ಮ ಕಡೆ ಸಾಲಿ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಎನ್ನುತ್ತೇವೆ. ನಮ್ಮೂರ ಬಂಗೂರನಗರದ ಕನ್ನಡ ಸಾಲಿಯಲ್ಲಿ ಸುಮಿತ್ರಾ ಅಕ್ಕೋರು ಊರಿನ ಅರ್ಧ ಮಂದಿಗೆ ಅಕ್ಷರ ಕಲಿಸಿದರು. ಉಳಿದ ಅರ್ಧಕ್ಕೆ ಆ ಅರ್ಧದವರ ಮೂಲಕ ಹೆದರಿಕೆ ಕಲಿಸಿದರು. ಬಡಿಯುತ್ತಿರಲಿಲ್ಲ. ಬಡಿಯುವ ಅಗತ್ಯ ಅವರಿಗೆ ಬೀಳಲೇ ಇಲ್ಲ. ಅವರ ದನಿ ಎತ್ತರದ್ದಲ್ಲ, ಒರಟಲ್ಲ. ಒಂದೊಂದು ಶಬ್ದಕ್ಕೂ ಇಸ್ತ್ರಿ ಮಾಡಿ, ಮಡಿಚಿ, ನಿಮ್ಮ ಕೈಗೆ ಕೊಟ್ಟ ಹಾಗೆ ಇರುತ್ತದೆ. ವರ್ಗದಲ್ಲಿ ಒಂದು ರಬ್ಬರ್ ತುಂಡು ಬಿದ್ದಿದ್ದರೂ ಎತ್ತಿ ಹಿಡಿದು “ಇದು ಯಾರದು?” ಎನ್ನುತ್ತಿದ್ದರು. ಅದರ ಧಣಿ ಸಿಗುವ ತನಕ ಪಾಠ ಮುಂದೆ ಹೋಗುತ್ತಿರಲಿಲ್ಲ. ಯಾರ ವಸ್ತುವೋ ಅವರಿಗೇ ಮುಟ್ಟಬೇಕು ಎಂಬುದು ಅಕ್ಕೋರ ಹಟ. ಗಿಡದಿಂದ ನಾವು ಕದ್ದು ತಂದ ಪೇರಲ ಹಣ್ಣನ್ನು, ಅರ್ಧ ಕಚ್ಚಿದ್ದನ್ನು, ನಮ್ಮ ಕೈಯಲ್ಲೇ ಧಣಿಯ ಮನೆಗೆ ಮುಟ್ಟಿಸಿದವರು ಅವರು. ಆ ಧಣಿ ಕಚ್ಚಿದ ಹಣ್ಣು ಹಿಡಿದು ಏನು ಮಾಡಬೇಕು ತಿಳಿಯದೆ ನಮಗೇ ನಮಸ್ಕಾರ ಮಾಡಿದ.

ಪುಂಡಲೀಕಣ್ಣ ಮೊಬೈಲ್ ಮುಂದೆ ಹಿಡಿದ. ನಾನು ಎರಡು ಪ್ಲೇಟು ಮಿರ್ಚಿ ಭಜಿಯ ಕರಾರಿನ ಮೇಲೆ ಅಕ್ಕೋರ ದನಿ ಮಾಡಿದೆ. ಮರುದಿನದಿಂದ ನಡೆದದ್ದನ್ನು ನೀವು ನೋಡಬೇಕಿತ್ತು. “ಸಾಲಾಗಿ ನಿಲ್ಲಿ” ಎಂದ ಕೂಡಲೇ ನಲವತ್ತು ದಾಟಿದ ಗಂಡಸರು ಎತ್ತರದ ಪ್ರಕಾರ ಸಾಲು ನಿಂತರು. ಲಾರಿ ಡ್ರೈವರ್ ಒಬ್ಬ ಬಾಯಲ್ಲಿದ್ದ ಬೀಡಿಯನ್ನು ಬೆನ್ನ ಹಿಂದೆ ಅಡಗಿಸಿದ, ಅಂಗಿ ಸುಟ್ಟುಕೊಂಡ. ಕಲಾವಿದನಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಏನಿದೆ? ನಾನು ಎದುರಿನ ಕಟ್ಟೆಯಲ್ಲಿ ಕೂತು ಭಜಿ ತಿನ್ನುತ್ತ ಆನಂದಪಟ್ಟೆ. ಅಕ್ಕೋರ ಮನೆಯಲ್ಲಿ ಬಾವಿ ಇದೆ, ಅವರು ಈ ಕಡೆ ನೀರಿಗೆ ಬರುವವರಲ್ಲ; ಆದ್ದರಿಂದ ಊರಿಗೆಲ್ಲ ಗೊತ್ತಿದ್ದ ಈ ಸಂಗತಿ ಅವರೊಬ್ಬರಿಗೇ ಗೊತ್ತಿರಲಿಲ್ಲ.

ಹೀಗಿರುತ್ತ, ಮಷಿನ್ ನುಂಗಲು ಶುರು ಮಾಡಿತು.

ಯಂತ್ರ ದುಡ್ಡು ನುಂಗುವುದನ್ನು ನೀವು ಗಮನಿಸಿರಬಹುದು. ದುಡ್ಡು ಹೋದವನ ಮುಖವನ್ನು ಗಮನಿಸಿದ್ದೀರಾ? ನಾನು ಮುಖಗಳ ವ್ಯಾಪಾರಿ, ಗಮನಿಸಿದ್ದೇನೆ. ಮೊದಲು ಅವನು ಕಾಯುತ್ತಾನೆ, ಬಾಯಿ ಸ್ವಲ್ಪ ತೆರೆದಿರುತ್ತದೆ. ಆಮೇಲೆ ಮಷಿನ್ನಿನ ಬೆನ್ನು ಸವರುತ್ತಾನೆ, ಹಾಲು ಕೊಡದ ಎಮ್ಮೆಯನ್ನು ಸವರಿದ ಹಾಗೆ. ಆಮೇಲೆ ಮೆಲ್ಲಗೆ ಒಂದು ಗುದ್ದು. ಆಮೇಲೆ, ಇದೇ ನನ್ನ ಹೊಟ್ಟೆ ಉರಿಸುವ ಸಂಗತಿ, ಅವನು ಅತ್ತ ಇತ್ತ ನೋಡುತ್ತಾನೆ. ಸಹಾಯಕ್ಕಲ್ಲ. ಯಾರಾದರೂ ನೋಡಿಬಿಟ್ಟರೇನೋ ಎಂದು! ದುಡ್ಡು ಹೋದದ್ದು ಇವನದು, ಕಳ್ಳನ ಮುಖವೂ ಇವನದೇ. ನಿಜವಾದ ಕಳ್ಳ ಹಿಮಾಲಯದ ಚಿತ್ರ ಹೊದ್ದು ತಣ್ಣಗೆ ನಿಂತಿರುತ್ತಾನೆ.

ಸುತ್ತಲಿನವರೂ ಕಡಿಮೆಯಲ್ಲ. ನಾಣ್ಯ ಹೋದ ಸುದ್ದಿ ತಿಳಿದರೆ ಸಾಕು, ಬಸ್ಸಿಗೆ ಕಾಯುವವರೆಲ್ಲ ಒಮ್ಮೆಗೇ ಎಂಜಿನಿಯರ್ ಆಗುತ್ತಾರೆ. “ಉಲ್ಟಾ ಹಾಕಿರಬೇಕು ನೀವು.” “ಜೋರ ಒಗದ್ರೇನು? ಸಾವಕಾಶ ಬಿಡಬೇಕ್ರಿ ಅದನ್ನ.” “ಹೊಸಾ ನಾಣ್ಯ ಅದಕ್ಕ ಒಗ್ಗೂದಿಲ್ಲ.” “ಕೈ ಹಸೀ ಇತ್ತೇನು?” ಒಬ್ಬನಾದರೂ “ಮಷಿನ್ನಿನ ತಪ್ಪು” ಅನ್ನಬೇಕಲ್ಲ! ಯಂತ್ರದ ಪರ ವಕೀಲಿ ಮಾಡಲು ನಮ್ಮಲ್ಲಿ ಬೇಕಾದಷ್ಟು ಜನ, ಪುಕ್ಕಟೆಯಾಗಿ. ಮನುಷ್ಯನ ಪರ ನಿಲ್ಲುವವನಿಗೆ ಮಾತ್ರ ಆಗಲೇ ಬಸ್ಸು ಬಂದಿರುತ್ತದೆ.

ನಮ್ಮ ಮಷಿನ್ನಿನ ಸಂಕಟ ಇನ್ನೂ ಒಂದು ಸುತ್ತು ಹೆಚ್ಚಿನದು. ನಾಣ್ಯ ಬಿದ್ದು, ನೀರು ಬರದೆ, ಮೇಲಿನಿಂದ “ಹಣ ಬಂದಿದೆ, ಧನ್ಯವಾದಗಳು” ಎಂದು ಅಕ್ಕೋರೇ ಹೇಳಿದ ಮೇಲೆ ಎದುರು ಮಾತಾಡುವವರು ಯಾರು? ಅಕ್ಕೋರು ತಪ್ಪು ಹೇಳುವುದು ಸಾಧ್ಯವಿಲ್ಲ. ಅಂದಮೇಲೆ ತಪ್ಪು ನಮ್ಮದೇ. ಗೇಣಿ ಮಾಡುವವರು, ಮಿಲ್ಲಿನವರು, ಗ್ಯಾರೇಜಿನವರು, ಎಲ್ಲರೂ ಖಾಲಿ ಬಾಟಲಿ ಹಿಡಿದು, ಮನೆಪಾಠ ಬರೆಯದೆ ಬಂದವರ ಹಾಗೆ ತಲೆ ತಗ್ಗಿಸಿ ಹೋಗುತ್ತಿದ್ದರು. ಜೊಯಿಡಾ ಕಡೆಯ ಗಾವಡೆ ಮಾಮಾ ವಾರಕ್ಕೊಮ್ಮೆ ಗೆಡ್ಡೆಗೆಣಸಿನ ಚೀಲ ಹೊತ್ತು ದಾಂಡೇಲಿಗೆ ಬರುವವರು. ಅವರೂರಿನ ಬಸ್ಸು ಯಾವಾಗ ಬರುತ್ತದೆ ಎಂಬುದು ಆ ಬಸ್ಸಿಗೂ ಗೊತ್ತಿಲ್ಲದ್ದರಿಂದ ಕಾಯುವುದೇ ಅವರ ಕೆಲಸ. ನನ್ನೆದುರೇ ಅವರ ನಾಣ್ಯ ಹೋಯಿತು. ನಾನು “ಮಾಮಾ, ಅಂಗಡ್ಯಾಗ ಕೇಳ್ರಿ” ಎಂದೆ.

“ಹೋಗ್ಲಿ ಬಿಡು ಬಾಬಾ,” ಎಂದರು ಟೊಪ್ಪಿಗೆ ಸರಿಮಾಡಿಕೊಂಡು. “ಉಳವಿ ಹುಂಡಿಗೆ ಹಾಕಿದೆ ಅಂತ ತಿಳೀತೇನಿ.”

“ಹುಂಡ್ಯಾಗ ಹಾಕಿದ್ರ ಪುಣ್ಯ ಬರತೈತಿ, ಮಾಮಾ. ಇದ್ರಾಗ ನೀರೂ ಬರಲಿಲ್ಲ.”

“ಬಾಯಿ ಧನ್ಯವಾದ ಅಂದ್ಲಲ್ಲ,” ಎಂದರು ಅವರು. ಅವರ ಕಡೆ ಅಕ್ಕೋರಿಗೆ ಬಾಯಿ ಎನ್ನುತ್ತಾರೆ. ಆಮೇಲೆ ಒಣಗಿದ ತುಟಿ ಸವರಿಕೊಂಡು ನೆರಳಿಗೆ ಹೋದರು.

ಹುಂಡಿ ಎಂದಾಗ ಒಂದು ಹಳೆಯ ಸಂಗತಿ ನೆನಪಾಗುತ್ತದೆ. ಎಲ್ಲೋ ಓದಿದ್ದು. ನಾಣ್ಯ ಹಾಕಿದರೆ ಕೊಡುವ ಯಂತ್ರ ಈಗಿನ ಕಾಲದ್ದು ಎಂದು ನಾವು ತಿಳಿದಿದ್ದೇವೆ, ಅಲ್ಲವಂತೆ. ಸುಮಾರು ಎರಡು ಸಾವಿರ ವರ್ಷದ ಹಿಂದೆಯೇ ಈಜಿಪ್ತಿನಲ್ಲಿದ್ದ ಒಬ್ಬ ಗ್ರೀಕ್ ಯಂತ್ರಜ್ಞ ಅಂಥದ್ದೊಂದನ್ನು ವಿವರಿಸಿದ್ದಾನೆ. ಅದು ಮಾರುತ್ತಿದ್ದದ್ದು ಏನು ಗೊತ್ತೇ? ನೀರು! ದೇವಸ್ಥಾನದ ತೀರ್ಥ. ಮೇಲಿನಿಂದ ನಾಣ್ಯ ಹಾಕಿದರೆ ಅದು ಒಳಗಿನ ಒಂದು ತಟ್ಟೆಯ ಮೇಲೆ ಬೀಳುತ್ತಿತ್ತು. ಅದರ ಭಾರಕ್ಕೆ ತಟ್ಟೆ ವಾಲಿ, ಇನ್ನೊಂದು ತುದಿಯಲ್ಲಿದ್ದ ಮುಚ್ಚಳ ಮೇಲೆದ್ದು, ತೀರ್ಥ ಹರಿಯುತ್ತಿತ್ತು. ನಾಣ್ಯ ಜಾರಿ ಕೆಳಗೆ ಬಿದ್ದರೆ ಮುಚ್ಚಳ ಬಂದ್. ನನಗೆ ಇದನ್ನು ಓದಿ ಕಣ್ಣು ತುಂಬಿ ಬಂತು. ನಿಮ್ಮ ನಾಣ್ಯದ ತೂಕವೇ ನಿಮ್ಮ ನೀರನ್ನು ಬಿಡಿಸುತ್ತದೆ! ನಾಣ್ಯ ನುಂಗಿ ನೀರು ಕೊಡದಿರಲು ಆ ಯಂತ್ರ ಸುಲಭಕ್ಕೆ ಮನಸ್ಸು ಮಾಡುವಂತಿರಲಿಲ್ಲ. ಎರಡು ಸಾವಿರ ವರ್ಷ ಬುದ್ಧಿ ಖರ್ಚು ಮಾಡಿ ನಾವು ಸಾಧಿಸಿದ್ದು ಇಷ್ಟೇ: ನಾಣ್ಯಕ್ಕೂ ನೀರಿಗೂ ಇದ್ದ ಸಂಬಂಧ ಕಡಿದು, ನಡುವೆ ಒಂದು ಧನ್ಯವಾದ ಸೇರಿಸಿದೆವು.

ನನ್ನ ಸರದಿಯೂ ಬಂತು. ಒಂದು ಮಧ್ಯಾಹ್ನ ಪ್ರವಾಸಿಗರ ಜೊತೆ ಕಾಡು ಸುತ್ತಿ, ಇಡೀ ಬೆಳಗು ಮಂಗಟ್ಟೆಯಾಗಿ ಕೂಗಿ, ಗಂಟಲು ಒಣಗಿ ಬಂದು ನಾಣ್ಯ ಹಾಕಿದೆ. “ಹಣ ಬಂದಿದೆ. ಧನ್ಯವಾದಗಳು. ಸಾಲಾಗಿ ನಿಲ್ಲಿ. ನೂಕಬೇಡಿ.” ನೀರಿಲ್ಲ. ಸಾಲೂ ಇರಲಿಲ್ಲ, ಅಲ್ಲಿ ನಾನೊಬ್ಬನೇ. ಆದರೂ, ಹೇಳಲು ನಾಚಿಕೆ, ನಾನು ಎರಡು ಹೆಜ್ಜೆ ಹಿಂದೆ ಸರಿದು ಕೈ ಕಟ್ಟಿ ನಿಂತೆ. ನನ್ನದೇ ದನಿಗೆ! ನಿಂತವನಿಗೆ ಸಿಟ್ಟು ಕಾಲಿನಿಂದ ಏರಿತು. ಏನಿದು? ನಾನು ಇವಳ ಗಂಟಲು, ಇವಳು ನನ್ನ ಗಂಟಲನ್ನೇ ಒಣಗಿಸುವುದೇ?

ನೇರ ಪುಂಡಲೀಕಣ್ಣನ ಅಂಗಡಿಗೆ ನುಗ್ಗಿದೆ. ದುಡ್ಡಿನ ಗಲ್ಲೆಯ ಹಿಂದೆ ಗೋಡೆಯ ಮೇಲೆ “ಗ್ರಾಹಕರೇ ದೇವರು” ಎಂಬ ಫಲಕ, ಅದಕ್ಕೊಂದು ಪ್ಲಾಸ್ಟಿಕ್ ಹಾರ. ಹಾರ ಹಾಕಿದ ಫೋಟೋದವರಿಗೆ ಏನಾಗಿರುತ್ತದೆ ಎಂದು ನಿಮಗೆ ಗೊತ್ತಲ್ಲ.

“ಅಣ್ಣಾ, ನಿನ್ನ ಮಷಿನ್ ನನ್ನ ದುಡ್ಡು ನುಂಗೇತಿ.”

ಪುಂಡಲೀಕಣ್ಣ ಮೊಳೆ ತೂಗುತ್ತಿದ್ದವನು ತಲೆ ಎತ್ತಲಿಲ್ಲ. “ಮಷಿನ್ ನಂದಲ್ಲೋ ತಮ್ಮಾ. ಮಷಿನ್ ಹುಬ್ಬಳ್ಳಿ ಕಂಪನೀದು. ಕಟ್ಟಿ ಅಷ್ಟಽ ನಂದು.”

“ನೀರು?”

“ನೀರು ಬೋರಿಂದು.”

“ಕರೆಂಟು?”

“ಕರೆಂಟು ಸರಕಾರದ್ದು. ದನಿ ನಿಂದು.” ಈಗ ತಲೆ ಎತ್ತಿ ನಕ್ಕ. “ಇದ್ರಾಗ ನಂದೇನ ಬಂತು? ನೀನಽ ಹೇಳು. ಖರೇ ಅಂದ್ರ ದುಡ್ಡು ಬಂತು ಅಂತ ಊರಿಗೆಲ್ಲಾ ಸಾರಾಕ ಹತ್ತಿದಾಂವ ನೀನು. ಮಂದಿ ಬಂದ್ರ ನಿನ್ನ ಕಡೇನಽ ಕಳಸ್ತೇನಿ.”

ಕಂಪನಿಗೆ ಫೋನು ಮಾಡಿದೆ. ಅಲ್ಲೂ ಒಬ್ಬ ಹೆಣ್ಣುಮಗಳು: ನಿಮ್ಮ ಕರೆ ನಮಗೆ ಅಮೂಲ್ಯ, ದಯವಿಟ್ಟು ಕಾಯಿರಿ. ವೃತ್ತಿಬಂಧುವಿನ ಮೇಲಿನ ಗೌರವದಿಂದ ಬಹಳ ಹೊತ್ತು ಕಾದೆ. ಉಸಿರು ಎಲ್ಲಿ ಎಳೆದುಕೊಳ್ಳುತ್ತಾಳೆ ಎಂಬುದನ್ನೂ ಕಲಿತೆ. ಮನುಷ್ಯರು ಬರಲಿಲ್ಲ. ನನ್ನ ಕರೆ ಅಷ್ಟು ಅಮೂಲ್ಯವಾಗಿತ್ತೆಂದರೆ ಯಾರೂ ಅದನ್ನು ಮುಟ್ಟುವ ಧೈರ್ಯ ಮಾಡಲಿಲ್ಲ.

ಆ ಸಂಜೆ ಗ್ರಾಹಕರ ಕಾಯ್ದೆ ಓದಿದೆ. ನಗಬೇಡಿ, ನಿಮಗೂ ಉಪಯೋಗಕ್ಕೆ ಬರುತ್ತದೆ. ದುಡ್ಡು ಕೊಟ್ಟವನು ಗ್ರಾಹಕ. ದುಡ್ಡು ಪಡೆದು ಹೇಳಿದ್ದನ್ನು ಕೊಡದಿದ್ದರೆ ಅದು ಸೇವಾ ನ್ಯೂನತೆ. ಮೊತ್ತ ಚಿಕ್ಕದು ಎಂದು ಹಕ್ಕು ಚಿಕ್ಕದಾಗುವುದಿಲ್ಲ. ಜಿಲ್ಲಾ ಆಯೋಗ ಕಾರವಾರದಲ್ಲಿ ಕೂಡುತ್ತದೆ. ನಮ್ಮಿಂದ ಘಟ್ಟ ಇಳಿದು ಹೋಗಬೇಕು. ಆದರೆ ಕೂತಲ್ಲಿಂದಲೇ ಮೊಬೈಲಿನಲ್ಲೂ ದೂರು ಹಾಕಬಹುದು, ಇಂಥ ಚಿಲ್ಲರೆ ದೂರಿಗೆ ಶುಲ್ಕವಿಲ್ಲ, ವಕೀಲರು ಬೇಕೇ ಬೇಕೆಂದೂ ಇಲ್ಲ. ಬೇಕಾದದ್ದು ಒಂದೇ, ದುಡ್ಡು ಕೊಟ್ಟದ್ದಕ್ಕೆ ಪುರಾವೆ. ಮಷಿನ್ ರಸೀದಿ ಕೊಡುವುದಿಲ್ಲವಲ್ಲ ಎಂದು ತಲೆ ಕೆರೆದುಕೊಂಡೆ. ಮತ್ತೆ ಹೊಳೆಯಿತು, ರಸೀದಿ ಕೊಡುವುದೇನು, ಅದು ಬಸ್‌ಸ್ಟ್ಯಾಂಡಿಗೆಲ್ಲ ಕೇಳುವಂತೆ ಒದರುತ್ತದೆ: ಹಣ ಬಂದಿದೆ! ಸ್ವತಃ ಆರೋಪಿಯೇ ಒಪ್ಪಿಕೊಂಡ ಮೇಲೆ ಇನ್ನೇನು ಬೇಕು? ಆದರೆ ಆಯೋಗದ ಮುಂದೆ ಆ ದನಿ ಯಾರದು ಎಂದು ಕೇಳಿದರೆ? ದೂರುದಾರನದೇ ಸ್ವಾಮಿ. ನ್ಯಾಯಮೂರ್ತಿಗಳ ಮುಖವನ್ನು ಊಹಿಸಿ, ಆ ಮುಖವನ್ನು ಕನ್ನಡಿಯ ಮುಂದೆ ಮಾಡಿಯೂ ನೋಡಿ, ಮೊಬೈಲು ಕೆಳಗಿಟ್ಟೆ.

ರೋಗ ಏನೆಂದು ಹೇಳಿದವರು ಗ್ಯಾರೇಜಿನ ಸಲೀಂ ಚಾಚಾ. ಮೋಟರು ರಿಪೇರಿ ಅವರ ಕೆಲಸ, ಕರೆಂಟು ಇಲ್ಲದಾಗ ಎಲ್ಲರನ್ನೂ ಚುಡಾಯಿಸುವುದು ಉಪಕೆಲಸ. “ಅರೆ ಬೇಟಾ, ಸೀದಾ ಬಾತ್ ಐತಿ. ನೀರಿನ ಪಂಪು ಕರೆಂಟಿನ ಮ್ಯಾಲೆ. ನಿನ್ನ ದನಿ ಬ್ಯಾಟರಿ ಮ್ಯಾಲೆ. ಕರೆಂಟು ಹೋದ್ರ ನೀರು ಬಂದ್, ಮಾತು ಚಾಲೂ.” ಕೈ ಒರೆಸಿಕೊಳ್ಳುತ್ತ, “ಲೀಡರ್ ಮಂದೀಗತೆ,” ಎಂದರು.

ನನ್ನ ಸಿಟ್ಟಿಗೆ ಅವತ್ತು ನಿಜವಾದ ಕಾವು ಬಂತು. ನೀವು ನಮ್ಮ ಕಡೆಗೆ ಬಂದಿದ್ದರೆ ಗೊತ್ತಿರುತ್ತದೆ, ಮೇಲೆ ಸೂಪಾದಲ್ಲಿ ಕಾಳಿಗೆ ಕಟ್ಟಿದ ಅಣೆಕಟ್ಟು. ಅದಕ್ಕಾಗಿ ಜೊಯಿಡಾದ ಎಷ್ಟೋ ಹಳ್ಳಿಗಳು ನೀರಿನ ಕೆಳಗೆ ಹೋದವು. ನಮ್ಮ ನೀರಿನಿಂದ ಹುಟ್ಟಿದ ಕರೆಂಟು ಎಲ್ಲೆಲ್ಲೋ ದೀಪ ಹಚ್ಚಲು ಹೋಗಿದೆ, ಸಂತೋಷ. ಆದರೆ ಅದೇ ನದಿಯ ಬುಡದಲ್ಲಿ ನಿಂತ ಗಾವಡೆ ಮಾಮಾ ಒಂದು ಬಾಟಲಿ ನೀರಿಗೆ ನಾಣ್ಯ ಹಾಕಬೇಕು, ಕರೆಂಟಿಲ್ಲ ಎಂದು ನೀರು ಬರಬಾರದು, ಬಾರದ ನೀರಿಗೆ ಧನ್ಯವಾದ ಕೇಳಿಸಿಕೊಂಡು ಸುಮ್ಮನಾಗಬೇಕು! ಹಾಗೆ ಸುಮ್ಮನಾಗಿಸಲು ಹಚ್ಚಿದ ದನಿ ನನ್ನದು. ಕರೆಂಟು ಇಲ್ಲದಿರುವುದು ಒಂದು ಸಂಕಟ, ಇದೆಯೆಂಬಂತೆ ಮಾತಾಡುವುದು ಇನ್ನೊಂದು. ಮೊದಲನೆಯದನ್ನು ಸಹಿಸಬಹುದು.

ಅಷ್ಟರಲ್ಲಿ ಸಂಗತಿ ಅಕ್ಕೋರಿಗೆ ಮುಟ್ಟಿತು. ಮುಟ್ಟಿದ್ದು ಹಳಿಯಾಳದ ಒಂದು ಮದುವೆಯಲ್ಲಿ. ಊಟದ ಪಂಕ್ತಿಯಲ್ಲಿ ಅವರ ಹಳೆಯ ವಿದ್ಯಾರ್ಥಿಯೊಬ್ಬ ಹೋಳಿಗೆಯ ಹುರುಪಿನಲ್ಲಿ, “ಅಕ್ಕೋರ, ನಮ್ಮ ದುಡ್ಡು ಯಾವಾಗ ಕೊಡ್ತೀರಿ? ಮೂರು ಸಲ ನುಂಗೀರಿ ನೀವು” ಎಂದನಂತೆ. ಪಂಕ್ತಿಯೆಲ್ಲ ನಕ್ಕಿತಂತೆ. ಅಕ್ಕೋರು ನಗಲಿಲ್ಲ. ಜೀವಮಾನವಿಡೀ ಒಂದು ಸುಣ್ಣದಕಡ್ಡಿಯನ್ನೂ ಮನೆಗೆ ಒಯ್ಯದ ಹೆಂಗಸು, ಮಂದಿಯ ನಡುವೆ ಎಲೆಯ ಮುಂದೆ ಕೂತು, ತಮ್ಮ ಹೆಸರಿಗೂ ನುಂಗುವುದಕ್ಕೂ ಏನು ಸಂಬಂಧ ಎಂದು ಪಕ್ಕದವರನ್ನು ಕೇಳಿ ತಿಳಿದುಕೊಂಡರು. ಉಣ್ಣದೆ ಎದ್ದರಂತೆ.

ಮರುದಿನ ಬೆಳಿಗ್ಗೆ ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದರು. ಬಗಲಲ್ಲಿ ಕೊಡೆ. ನಾನು ಹಲ್ಲುಜ್ಜುತ್ತಿದ್ದವನು ಬ್ರಷ್ ಬೆನ್ನ ಹಿಂದೆ ಅಡಗಿಸಿದೆ.

“ವಿಠ್ಠಲ,” ಎಂದರು. ನನ್ನನ್ನು ಪೂರ್ತಿ ಹೆಸರಿನಿಂದ ಕರೆಯುವವರು ಅವರೊಬ್ಬರೇ. “ನನ್ನ ದನಿ ಮಾಡ್ತೀಯಂತ.”

“ಹೂಂ ರೀ ಅಕ್ಕೋರ. ಸಣ್ಣಾಂವಿದ್ದಾಗಿಂದ…”

“ಮಾಡು. ಅದಕ್ಕೇನೂ ಇಲ್ಲ. ಸಾಲ್ಯಾಗ ನೀ ಮಾಡೂದನ್ನ ನಾ ಬಾಗಲ ಹಿಂದ ನಿಂತು ಕೇಳೀನಿ. ನಕ್ಕೀನಿ.” ಅವರ ದನಿ ಎಂದಿನಂತೆ ನಯವಾಗಿಯೇ ಇತ್ತು, ಎಲ್ಲೋ ಒಂದು ಮಡಿಕೆ ಮಾತ್ರ ಬಿಚ್ಚಿಕೊಂಡಿತ್ತು. “ಆದ್ರ ನನ್ನ ದನಿಯೊಳಗ ಸುಳ್ಳು ಹೇಳಸಿದಿ. ಮಂದಿ ನನ್ನ ನಂಬಿ ಸುಮ್ಮನ ಹೋಗ್ಯಾರ. ಅವರ ದುಡ್ಡು ಯಾರದು, ವಿಠ್ಠಲ?”

ಆ ಪ್ರಶ್ನೆಗೆ ಇವತ್ತಿಗೂ ನನ್ನಲ್ಲಿ ಒಂದೇ ಉತ್ತರ: ತಲೆ ತಗ್ಗಿಸುವುದು. ತಗ್ಗಿಸಿದೆ.

“ನಡಿ,” ಎಂದರು. ನಡೆದೆವು.

ನಮ್ಮ ಪುಣ್ಯಕ್ಕೆ ಕರೆಂಟು ಹೋಗಿತ್ತು. ಬಸ್‌ಸ್ಟ್ಯಾಂಡು ತುಂಬಿತ್ತು. ಅಕ್ಕೋರು ಬರುವುದನ್ನು ಕಂಡು ಜನ ಯಾವ ಯಂತ್ರವೂ ಹೇಳದೆಯೇ ಸಾಲು ನಿಂತರು. ಅವರು ಸಾಲಿನ ಕೊನೆಯಲ್ಲಿ ನಿಂತು, ಮುಂದಿದ್ದವರು ನಾಣ್ಯ ಹಾಕದೆ ಒಬ್ಬೊಬ್ಬರಾಗಿ ಪಕ್ಕಕ್ಕೆ ಸರಿದು ತಮ್ಮ ಸರದಿ ಬಂದ ಮೇಲೆಯೇ ಮುಂದೆ ಹೋಗಿ, ಕೊಡೆ ಕೈ ಬದಲಿಸಿ, ನಾಣ್ಯ ಹಾಕಿದರು.

“ಹಣ ಬಂದಿದೆ. ಧನ್ಯವಾದಗಳು. ಸಾಲಾಗಿ ನಿಲ್ಲಿ. ನೂಕಬೇಡಿ.”

ನಾನು ಹೇಳುತ್ತೇನೆ ಕೇಳಿ, ನನ್ನ ಕೆಲಸದ ಬಗ್ಗೆ ನನಗೆ ಅಷ್ಟೊಂದು ನಾಚಿಕೆ, ಅಷ್ಟೊಂದು ಹೆಮ್ಮೆ ಒಟ್ಟಿಗೇ ಎಂದೂ ಆಗಿರಲಿಲ್ಲ. ಅಸಲಿನ ಪಕ್ಕ ನಕಲು ನಿಂತಿತ್ತು, ಕೂದಲೆಳೆಯ ಫರಕು ಇರಲಿಲ್ಲ. ಅಕ್ಕೋರು ತಮ್ಮ ದನಿಯನ್ನು ಪೂರ್ತಿ ಕೇಳಿದರು. ಆಮೇಲೆ ಮಷಿನ್ನಿಗೆ ಹೇಳಿದರು, “ನಾ ಸಾಲಿನಾಗಽ ಇದ್ದೀನಿ. ನೂಕಿಲ್ಲ. ನೀರೆಲ್ಲಿ?”

ಅಕ್ಕೋರ ಅಸಲಿ ದನಿಗೆ ಗಾಬರಿಯಾಗಿ ಪುಂಡಲೀಕಣ್ಣ ಹೊರಗೆ ಬಂದ. ಅವನೂ ಅದೇ ಸಾಲಿಯವನು, ಮೂರನೇ ಬೆಂಚು.

“ಪುಂಡಲೀಕ, ಹಣ ಬಂತು ಅಂತ ಈಗ ಯಾರು ಹೇಳಿದರು?”

“ನೀವಽ ಹೇಳಿದ್ರಿ, ಅಕ್ಕೋರ…” ಎಂದು ನಾಲಿಗೆ ಕಚ್ಚಿಕೊಂಡ. “ಅಂದ್ರ, ಇಂವ ವಿಠ್ಯಾ…”

“ನಾ ಹೇಳಿದ್ದು ಖರೇ ಇರತದೋ, ಸುಳ್ಳೋ?”

“ಖರೇನಽ ಇರತೈತ್ರಿ.”

“ಹಂಗಾರ ಹಣ ಬಂದದ್ದು ಖರೇ. ನೀರು ಬಂದಿಲ್ಲ, ಅದನ್ನ ಇವರೆಲ್ಲಾ ನೋಡ್ಯಾರ. ಮುಂದಿಂದು ನೀ ಹೇಳು.”

ಪುಂಡಲೀಕಣ್ಣ ಹುಬ್ಬಳ್ಳಿ ಕಂಪನಿಯಿಂದ ಶುರು ಮಾಡಿದ. ಬೋರಿಗೆ ಬಂದ, ಸರಕಾರಕ್ಕೆ ಬಂದ. ಅಕ್ಕೋರ ಮುಖದ ಮೇಲೆ, ವರ್ಗದಲ್ಲಿ ರಬ್ಬರ್ ತುಂಡು ಎತ್ತಿ ಹಿಡಿದು ನಿಲ್ಲುತ್ತಿದ್ದಾಗಿನ ತಾಳ್ಮೆ. ಅವನ ಮಾತು ತಾನಾಗಿಯೇ ಮುಗಿದು ಹೋಯಿತು.

“ಸಂಜೀ ಮುಂದ ಈ ಡಬ್ಬಿ ತಗದು ದುಡ್ಡು ಯಾರು ಒಯ್ತಾರ?”

“ನಾನಽ ರೀ. ತಗದು, ಕಂಪನಿ ಪಾಲು ಕಂಪನಿಗೆ ಕಳಸ್ತೇನಿ.”

“ತಗೊಳ್ಳೂ ಕೈ ನಿಂದಂದ್ರ ಕೊಡೂ ಕೈನೂ ನಿಂದಽ. ಆಮ್ಯಾಲೆ ನೀ ಕಂಪನೀನ್ನ ಕೇಳಕೋ. ಅಲ್ಲೀತನಕ ನನ್ನ ದನಿ ಬಂದ್ ಮಾಡು.”

ಇಡೀ ಕಾಯ್ದೆ ಓದಿ ನನಗೆ ಹೊಳೆಯದ ಮಾತು ಇದು. ನಾನು ದನಿಯ ಬೆನ್ನು ಹತ್ತಿದ್ದೆ, ಅವರು ಕೈ ನೋಡಿದರು. ಸಾಲಿನಲ್ಲಿದ್ದ ಯಾರೋ ಮೆಲ್ಲಗೆ, “ಅಣ್ಣಾ, ಹೋದ ವಾರ ನಂದೂ ಹೋಗೈತಿ” ಎಂದರು. ಆಮೇಲೆ ಇನ್ನೊಬ್ಬರು. ಆಮೇಲೆ ತಡೆಯಿರಲಿಲ್ಲ. ಇಷ್ಟು ದಿನ ಎಲ್ಲರೂ ತಮ್ಮೊಬ್ಬರದೇ ತಪ್ಪೆಂದು ಒಳಗೊಳಗೇ ಮುಚ್ಚಿಟ್ಟುಕೊಂಡಿದ್ದರು. ಹೊರಗೆ ಬಿದ್ದಾಗ ನೋಡಿದರೆ ಊರಿಗೆ ಊರೇ ಒಂದೇ ತಪ್ಪು ಮಾಡಿತ್ತು.

ಸಲೀಂ ಚಾಚಾ ಕಂಪನಿಯವರು ಬರುವವರೆಗೆ ಕಾಯಲಿಲ್ಲ. ಕರೆಂಟು ಇಲ್ಲದಾಗ ನಾಣ್ಯದ ಬಾಯಿ ಮುಚ್ಚಿಕೊಳ್ಳುವಂತೆ ಒಂದು ತಗಡಿನ ತುಂಡು ಕೂಡಿಸಿದರು. “ಭೂಕಾ ರಹೇಗಾ, ಚೋರಿ ನಹೀ ಕರೇಗಾ. ಉಪಾಸ ಇರತೈತಿ, ಕಳುವು ಮಾಡೂದಿಲ್ಲ,” ಎಂದು ಅದರ ಬೆನ್ನು ತಟ್ಟಿದರು. ಆದರೂ ಯಂತ್ರ ಯಂತ್ರವೇ, ಆಗೀಗ ಬಾಯಿ ಮುಚ್ಚಲು ಮರೆಯುತ್ತದೆ. ಅದಕ್ಕೆ ಪುಂಡಲೀಕಣ್ಣ ಗಲ್ಲೆಯ ಮೇಲೆ ಒಂದು ಬಟ್ಟಲಿನಲ್ಲಿ ಚಿಲ್ಲರೆ ಇಟ್ಟ. ಹೋದ ನಾಣ್ಯ ಕೇಳಿದವರಿಗೆ ಕೊಡಲು.

ಯಾರೂ ಕೇಳಲಿಲ್ಲ! ಬಟ್ಟಲು ತುಂಬಿದ್ದು ತುಂಬಿಯೇ ಇತ್ತು. ಅಕ್ಕೋರು ಎದುರಿಗಿದ್ದಾಗ ಬಾಯಿ ಬಿಟ್ಟವರು ಅವರು ಮನೆಗೆ ಹೋದ ಕೂಡಲೇ ಮತ್ತೆ ಮೊದಲಿನಂತೆ ಅತ್ತ ಇತ್ತ ನೋಡಿ, ಖಾಲಿ ಬಾಟಲಿ ಹಿಡಿದು, ಬಸ್ಸು ಹತ್ತತೊಡಗಿದರು. ಕೇಳಿದರೆ ಜಿಪುಣ ಅಂದಾರು, ಜಗಳಗಂಟ ಅಂದಾರು, ಇಷ್ಟಕ್ಕೇ ಬಂದನೇ ಅಂದಾರು. ದುಡ್ಡು ಕೊಡುವಾಗ ಇಲ್ಲದ ನಾಚಿಕೆ ನಮಗೆ ಅದನ್ನು ಮರಳಿ ಕೇಳುವಾಗ ಎಲ್ಲಿಂದ ಬರುತ್ತದೆ ಎಂಬುದನ್ನು ಯಾವ ಕಾಯ್ದೆಯೂ ಬರೆದಿಲ್ಲ. ಬರೆದರೂ ಅದನ್ನು ಓದಿ ಹೇಳುವ ದನಿ ಬೇಕು.

ಈ ಮಾತನ್ನು ಅಕ್ಕೋರಿಗೆ ಮುಟ್ಟಿಸಿದೆ. ಅವರು ತಾವೇ ಬಂದರು. ಪುಂಡಲೀಕಣ್ಣನ ಮೊಬೈಲಿನ ಮುಂದೆ ನಿಂತು, ನನ್ನ ಕಡೆಗೊಮ್ಮೆ ನೋಡಿ, “ನಿನಗ ಎರಡು ಪ್ಲೇಟು ಭಜಿ ಕೊಟ್ಟಿದ್ದನಂತ. ನನಗೇನೂ ಬ್ಯಾಡ” ಎಂದು, ಗಂಟಲು ಸರಿಮಾಡಿಕೊಂಡು ಹೇಳಿದರು: “ಹಣ ಬಂದಿದೆ. ನೀರು ಬಾರದಿದ್ದರೆ ಅಂಗಡಿಯಲ್ಲಿ ಕೇಳಿರಿ. ಕೇಳದೆ ಹೋಗಬೇಡಿ.”

“ಧನ್ಯವಾದ ಬಿಟ್ಟ್ರಿ, ಅಕ್ಕೋರ,” ಎಂದ ಪುಂಡಲೀಕಣ್ಣ.

“ಬಿಟ್ಟಿಲ್ಲ. ಅದು ನೀರು ಕುಡದ ಮ್ಯಾಲೆ ಅವರು ಹೇಳೂದು.”

ಹೊಸ ದನಿ ಹಾಕಿದ ದಿನ ನಾನು ಮಾಮೂಲಿ ಕಟ್ಟೆಯಲ್ಲಿ ಕೂತಿದ್ದೆ. ಸಾಲಿನಲ್ಲಿದ್ದವರೆಲ್ಲ ಕೇಳಿ, ತಲೆ ಓರೆ ಮಾಡಿ, ನನ್ನ ಕಡೆ ತಿರುಗಿ ಕನಿಕರದಿಂದ ನೋಡಿದರು. “ಈ ಸಲ ಬರೋಬರಿ ಬಂದಿಲ್ಲೋ ವಿಠ್ಯಾ. ಮೊದಲಿಂದು ಥೇಟ್ ಅಕ್ಕೋರು ಇದ್ದಂಗ ಇತ್ತು. ಇದು ಬ್ಯಾರೆ ಯಾರೋ ಅನಸ್ತೈತಿ.” ಅಕ್ಕೋರು “ಕೇಳಿರಿ” ಎಂದು ಹೇಳಿದ್ದನ್ನು ಅವರು ಯಾವತ್ತು ಕೇಳಿಸಿಕೊಂಡಿದ್ದರು, ಗುರುತು ಹಿಡಿಯಲು?

ಗಾವಡೆ ಮಾಮಾ ಬಂದರು. ಚೀಲ ಇಳಿಸಿ, ಟೊಪ್ಪಿಗೆಯಿಂದ ಗಾಳಿ ಹಾಕಿಕೊಂಡು, ನಾಣ್ಯ ಹಾಕಿದರು. ಕರೆಂಟು ಹೋಗಿತ್ತು, ತಗಡಿನ ತುಂಡು ಅವತ್ತೂ ತನ್ನ ಕೆಲಸ ಮರೆತಿತ್ತು. ನಾಣ್ಯ ಹೋಯಿತು, ನೀರಿಲ್ಲ. “ಹಣ ಬಂದಿದೆ. ನೀರು ಬಾರದಿದ್ದರೆ ಅಂಗಡಿಯಲ್ಲಿ ಕೇಳಿರಿ. ಕೇಳದೆ ಹೋಗಬೇಡಿ.” ಮಾಮಾ ಹಿಂದೆ ಸರಿದರು. ಅತ್ತ ನೋಡಿದರು, ಇತ್ತ ನೋಡಿದರು. ಅವರೂರಿನ ಬಸ್ಸು, ಜನ್ಮದಲ್ಲಿ ಮೊದಲ ಸಲ, ಹೊತ್ತಿಗೆ ಸರಿಯಾಗಿ ಬಂದು ನಿಂತಿತ್ತು. ಮಾಮಾ ಬಸ್ಸು ನೋಡಿದರು, ಮಷಿನ್ ನೋಡಿದರು. ಆಮೇಲೆ ಅಂಗಡಿಯ ಮೆಟ್ಟಿಲು ಹತ್ತಿ, ಗಲ್ಲೆಯ ಮುಂದೆ ಕೈ ಕಟ್ಟಿ ನಿಂತು, ಹೆಡ್‌ಮಾಸ್ತರರ ಹತ್ತಿರ ಚೀಟಿ ತಂದವರ ಹಾಗೆ ಹೇಳಿದರು:

“ನಂದೇನಿಲ್ಲ, ಸಾವಕಾರ. ಬಾಯಿ ಕೇಳು ಅಂದಾಳ, ಅದಕ್ಕ ಕೇಳಾಕ ಬಂದೆ.”

ಪುಂಡಲೀಕಣ್ಣ ಬಟ್ಟಲಿಗೆ ಕೈ ಹಾಕಿದ. ಅದರ ಮೇಲೆ ಒಳಗಿನ ಮಡಕೆಯಿಂದ ಒಂದು ತಂಬಿಗೆ ನೀರನ್ನೂ ತಂದುಕೊಟ್ಟ. ಮಾಮಾ ಗಟಗಟ ಕುಡಿದರು, ಗದ್ದ ಒರೆಸಿಕೊಂಡರು, ಚೀಲ ಹೆಗಲಿಗೇರಿಸಿಕೊಂಡು ಕೆಳಗಿಳಿದರು. ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಆದರೂ ಅವರು ಮಷಿನ್ನಿನ ಮುಂದೆ ಒಂದು ಗಳಿಗೆ ನಿಂತು, ಹಿಮಾಲಯದ ಕಡೆ ಮುಖ ಮಾಡಿ, “ಧನ್ಯವಾದ ರೀ, ಬಾಯಿ” ಎಂದರು.

ಧನ್ಯವಾದಕ್ಕೆ ಉತ್ತರ ಹೇಳಲು ಮಷಿನ್ನಿಗೆ ಬರುವುದಿಲ್ಲ. ಎದುರಿನ ಕಟ್ಟೆಯಲ್ಲಿ ಕೂತಿದ್ದ ನನ್ನ ಗಂಟಲಲ್ಲಿ ಉತ್ತರ ಸಿದ್ಧವಾಗಿತ್ತು. ಅಕ್ಕೋರದೇ ದನಿ, ಇಸ್ತ್ರಿ ಮಾಡಿ ಮಡಿಚಿದ್ದು, ಥೇಟ್. ನಾಲಿಗೆಯ ತುದಿಯ ತನಕ ಬಂದದ್ದನ್ನು ನಾನು ನುಂಗಿಕೊಂಡೆ.